ಬೆಕ್ಕಿಗೂ ಬೇಕು ಕುಟುಂಬ ಯೋಜನೆ



ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾಗುವ ಹೊತ್ತಿಗೆ ನಮ್ಮ ಕಡೆಯ ಬಹುತೇಕ ತೋಟದ ಮನೆಗಳಲ್ಲಿ ಒಂದು ಪ್ರಸಂಗ ತಪ್ಪದೆ ನಡೆಯುತ್ತದೆ. ಸಿಪ್ಪೆಯ ರಾಶಿಯ ಹಿಂದೆಯೋ, ಖಾಲಿ ಚೀಲಗಳ ಅಟ್ಟಿಯ ನಡುವೆಯೋ, ಎಲ್ಲಿಂದಲೋ ಬಂದ ಬೆಕ್ಕೊಂದು ಮರಿ ಹಾಕಿರುತ್ತದೆ. ಮಕ್ಕಳು ಸಂಭ್ರಮಪಡುತ್ತಾರೆ. ಮನೆಯ ಹೆಂಗಸರು ತಟ್ಟೆಯಲ್ಲಿ ಒಂದಿಷ್ಟು ಹಾಲನ್ನ ಇಡುತ್ತಾರೆ. ಒಂದೆರಡು ತಿಂಗಳಲ್ಲಿ ಮರಿಗಳು ಅಡುಗೆಮನೆಗೆ ನುಗ್ಗತೊಡಗುತ್ತವೆ. ಆಗ ಯಾರಾದರೊಬ್ಬರು ಗೋಣಿಚೀಲ ಹುಡುಕುತ್ತಾರೆ.

ಬೆಕ್ಕನ್ನು ಕೊಲ್ಲುವುದು ಮಹಾಪಾಪ, ಕೊಂದವನು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಹಿರಿಯರು ಹೇಳುತ್ತಿದ್ದರು. ಆದುದರಿಂದ ನಾವು ಕೊಲ್ಲುವುದಿಲ್ಲ. ಚೀಲದಲ್ಲಿ ಕಟ್ಟಿ, ತುಂಗಭದ್ರೆಯ ಸೇತುವೆ ದಾಟಿಸಿ, ಯಾರದೋ ತೋಟದ ಬೇಲಿಯ ಪಕ್ಕದಲ್ಲಿ ಬಿಟ್ಟು ಬರುತ್ತೇವೆ. ಪಾಪ ನದಿಯ ಆಚೆ ಉಳಿಯಿತೆಂದು ಸಮಾಧಾನಪಡುತ್ತೇವೆ.

ಬೇರೆಯವರ ಮಾತೇಕೆ? ಹೊನ್ನಾಳಿ ಸೀಮೆಯ ನಮ್ಮ ತೋಟದ ಮನೆಯಲ್ಲಿಯೂ ಹೀಗೆಯೇ ಆಯಿತು. ನಾಲ್ಕು ಮರಿಗಳನ್ನು ದಾಟಿಸಿ ಬಂದೆವು. ತಾಯಿಬೆಕ್ಕು ಮೂರು ರಾತ್ರಿ ಅಂಗಳದಲ್ಲಿ ಕೂಗುತ್ತ ತಿರುಗಿತು. ನಾಲ್ಕನೆಯ ದಿನ ಪೇಟೆಗೆ ಹೋಗುವಾಗ ನಾವು ಬಿಟ್ಟ ಮರಿಗಳಲ್ಲಿ ಒಂದು ರಸ್ತೆಯ ಬದಿಯಲ್ಲಿ ಸತ್ತು ಬಿದ್ದಿರುವುದು ಕಂಡಿತು. ಉಳಿದ ಮೂರರ ಗತಿ ಏನಾಯಿತೋ ತಿಳಿಯದು. ಇಷ್ಟಾಗಿಯೂ ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ತಾಯಿ ಅದೇ ಚೀಲಗಳ ಮೇಲೆ ಮತ್ತೆ ಮೂರು ಮರಿ ಹಾಕಿ ಮಲಗಿತ್ತು. ಗೋಣಿಚೀಲ ಮರಿಗಳನ್ನು ಕಣ್ಣಿಗೆ ಮರೆಮಾಡುತ್ತದೆ, ತಾಯಿಯ ಬಸಿರನ್ನು ತಡೆಯುವುದಿಲ್ಲ ಎಂಬುದು ನಮಗೆ ಅಂದು ಮನವರಿಕೆಯಾಯಿತು.

ಲೆಕ್ಕ ಹಾಕಿ ನೋಡೋಣ

ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳ ವಯಸ್ಸಿಗೇ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಮೂರರಿಂದ ಐದು ಮರಿ ಸಾಮಾನ್ಯ. ನಮ್ಮಂತಹ ಬಿಸಿಲು ನಾಡಿನಲ್ಲಿ ಅದಕ್ಕೆ ಇಂಥದೇ ಕಾಲವೆಂಬುದಿಲ್ಲ, ವರ್ಷಕ್ಕೆ ಎರಡು ಮೂರು ಸೂಲು ಆಗುವುದುಂಟು. ಮರಿಗಳಿಗೆ ಮೊಲೆ ಕೊಡುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲುದು. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದು ಹಿಡಿದರೂ ಒಂದು ತಾಯಿಗೆ ಎಂಟು ಮರಿ ಆಯಿತು.

ಹಾಗಾದರೆ ಊರೆಲ್ಲ ಬೆಕ್ಕೇ ತುಂಬಿಲ್ಲವೇಕೆ ಎಂದು ಕೇಳಬಹುದು. ಉತ್ತರ ಕಹಿಯಾದುದು. ಅಮೆರಿಕದ ಉತ್ತರ ಕರೋಲಿನಾದಲ್ಲಿ ಬೀಡಾಡಿ ಬೆಕ್ಕುಗಳನ್ನು ಗಮನಿಸಿದ ಪಶುವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 169 ಮರಿಗಳಲ್ಲಿ 127 ಆರು ತಿಂಗಳು ತುಂಬುವ ಮೊದಲೇ ಸತ್ತವು ಅಥವಾ ಕಾಣೆಯಾದವು. ಅಂದರೆ ನಾಲ್ಕರಲ್ಲಿ ಮೂರು. ಬೆಕ್ಕಿನ ಸಂಖ್ಯೆಗೆ ಮಿತಿ ಈಗಲೂ ಇದೆ. ಆದರೆ ಆ ಮಿತಿಯನ್ನು ಹಾಕುತ್ತಿರುವುದು ಹಸಿವು, ರೋಗ, ನಾಯಿ ಮತ್ತು ಲಾರಿಯ ಗಾಲಿ. ಅದರ ಬದಲು ಹುಟ್ಟುವುದಕ್ಕೆ ಮೊದಲೇ ಮಿತಿ ಹಾಕುವುದು ಮನುಷ್ಯರಾದ ನಮ್ಮ ಕೈಯಲ್ಲಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಗೋಣಿಚೀಲದ ಉಪಾಯ ಪಾಪದ ಲೆಕ್ಕದಲ್ಲಿ ಮಾತ್ರವಲ್ಲ, ಕಾನೂನಿನ ಲೆಕ್ಕದಲ್ಲಿಯೂ ತಪ್ಪೇ.

ಬೇರೆ ಕಡೆ ಏನು ಮಾಡಿದ್ದಾರೆ?

ಹಿಡಿಯುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು, ಹಿಡಿದ ಜಾಗಕ್ಕೇ ತಂದು ಬಿಡುವುದು: ಇದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಕ್ರಮ. ಇಟಲಿ ದೇಶ 1991ರಲ್ಲಿ ಕಾಯಿದೆ ಮಾಡಿ, ಬೀಡಾಡಿ ಬೆಕ್ಕುಗಳಿಗೆ ಸರಕಾರದ ಆರೋಗ್ಯ ಇಲಾಖೆಯೇ ಆಪರೇಷನ್ ಮಾಡಿ ಅವುಗಳ ಗುಂಪಿಗೇ ಮರಳಿಸಬೇಕೆಂದು ವಿಧಿಸಿತು. ಅದೇ 1991ರಲ್ಲಿ, ದೆಹಲಿ ಮತ್ತು ಜೈಪುರಗಳಲ್ಲಿ ಪ್ರಾಣಿಸೇವೆ ಮಾಡಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. ದಿಕ್ಕಿಲ್ಲದ ನಾಯಿ ಬೆಕ್ಕುಗಳಿಗೆ ಚಿಕಿತ್ಸೆ ಕೊಡಿಸಿ ಮನೆ ಹುಡುಕಿಕೊಡುವ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಅದರಿಂದ ಬಲ ಬಂದಿತು. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೇಂದ್ರ ಸರಕಾರ 2001ರಲ್ಲಿ ನಿಯಮ ತಂದಿತು, 2023ರಲ್ಲಿ ಅದರ ಬದಲು ಹೊಸ ನಿಯಮ ಬಂದಿತು. ಹಳ್ಳಿಯ ಬೆಕ್ಕಿನ ಬಾಗಿಲಿಗೆ ಇವು ಯಾವುವೂ ತಾವಾಗಿ ಬರುವುದಿಲ್ಲ. ತೋಟದ ಬೆಕ್ಕಿನ ಭಾರ ತೋಟದವನದೇ.

ಹಿಡಿದ ಜಾಗಕ್ಕೇ ಏಕೆ ಬಿಡಬೇಕು? ಬೆಕ್ಕನ್ನು ಓಡಿಸಿದರೂ ಅದನ್ನು ಕರೆದ ಅನ್ನ, ಇಲಿ, ಚೀಲದ ಮರೆ ಅಲ್ಲಿಯೇ ಉಳಿದಿರುತ್ತವೆ. ಆ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಆಪರೇಷನ್ ಆದ ಬೆಕ್ಕು ಅಲ್ಲಿಯೇ ಇದ್ದರೆ ಜಾಗವೂ ತುಂಬಿರುತ್ತದೆ, ಮರಿಯೂ ಆಗುವುದಿಲ್ಲ.

ಹಿಡಿಯುವ ಬಗೆ

ಬೀಡಾಡಿ ಬೆಕ್ಕನ್ನು ಬರಿಗೈಯಿಂದ ಹಿಡಿಯುವ ಸಾಹಸ ಬೇಡ. ಹಿಂಬದಿ ಮುಚ್ಚಿ, ಮುಂದಿನ ಬಾಗಿಲು ತಾನಾಗಿ ಬೀಳುವ ತಂತಿಯ ಬೋನು ಬೇಕು. ಇಲಿಬೋನನ್ನು ದೊಡ್ಡದು ಮಾಡಿದಂತಿರುತ್ತದೆ. ಮೂರು ನಾಲ್ಕು ದಿನ ಬಾಗಿಲನ್ನು ಕಟ್ಟಿ ತೆರೆದಿಟ್ಟು ಅದರೊಳಗೇ ಆಹಾರ ಹಾಕಿ ರೂಢಿ ಮಾಡಿಸಬೇಕು. ಒಣಮೀನಿನ ವಾಸನೆಗೆ ಬಾರದ ಬೆಕ್ಕು ಕಡಿಮೆ. ಸಿಕ್ಕಿಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಅದು ಶಾಂತವಾಗುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವಿಷಯ ಕೇಳಬೇಕು. ಆ ರೋಗ ಬೆಕ್ಕಿನಿಂದಲೂ ಬರಬಹುದು.

ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡೇ ಬೋನು ಇಡಬೇಕು. ನಾವು ಮೊದಲು ಹೋದ ಕಡೆ, ಇಲ್ಲಿ ದನಕರುಗಳನ್ನು ಮಾತ್ರ ನೋಡುತ್ತೇವೆ ಎಂದು ಹಿಂದಕ್ಕೆ ಕಳುಹಿಸಿದರು. ಬೋನಿನಲ್ಲಿ ಬೆಕ್ಕು, ಹೊರಗೆ ಸುಡುಬಿಸಿಲು. ಅರ್ಧ ದಿನ ವ್ಯರ್ಥವಾಯಿತು. ಮೊದಲೇ ವಿಚಾರಿಸದಿದ್ದುದು ನಮ್ಮ ತಪ್ಪು. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಶಿವಮೊಗ್ಗ ಹತ್ತಿರ. ಅಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಖಾಸಗಿ ವೈದ್ಯರೂ ಇದ್ದಾರೆ. ಚನ್ನಗಿರಿ, ಜಗಳೂರಿನವರು ದಾವಣಗೆರೆಯಲ್ಲಿ ವಿಚಾರಿಸಬಹುದು. ದಿನ, ಖರ್ಚು, ಹಿಂದಿನ ರಾತ್ರಿ ಎಷ್ಟು ಹೊತ್ತಿನಿಂದ ಆಹಾರ ನಿಲ್ಲಿಸಬೇಕೆಂಬುದು, ಈ ಮೂರನ್ನೂ ಕೇಳಿಕೊಂಡು ಹೊರಡಿ. ಖರ್ಚು ಇದೆ, ಇಲ್ಲವೆನ್ನಲಾಗದು. ಆದರೆ ಒಂದು ಕ್ವಿಂಟಲ್ ರಾಶಿ ಅಡಿಕೆಯ ಬೆಲೆಯ ಮುಂದೆ ಅದು ಸಣ್ಣ ಮೊತ್ತ, ಮತ್ತು ಒಂದು ಬೆಕ್ಕಿಗೆ ಒಂದೇ ಸಲ.

ಹೆಣ್ಣಿಗೆ ಮತ್ತು ಬರುವಂತೆ ಮಾಡಿ, ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆಯುತ್ತಾರೆ. ಗಂಡಿಗೆ ಬೀಜ ತೆಗೆಯುವುದು ಇನ್ನೂ ಸಣ್ಣ ಕೆಲಸ, ಹೋರಿಯ ಬೀಜ ಒಡೆಸುವುದನ್ನು ಕಂಡ ನಮಗೆ ಇದು ಹೊಸದಲ್ಲ. ಗಂಡು ಬೆಕ್ಕು ಅನಂತರವೂ ಕೆಲವು ವಾರ ಬೆದೆಯ ಹೆಣ್ಣನ್ನು ಗಬ್ಬ ಮಾಡಬಲ್ಲುದೆಂಬುದು ನೆನಪಿರಲಿ. ಎರಡಕ್ಕೂ ಹಣ ಸಾಲದಿದ್ದರೆ ಹೆಣ್ಣಿಗೆ ಮೊದಲು ಮಾಡಿಸಿ. ಮತ್ತಿನಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಕತ್ತರಿಸಲು ಹೇಳಿ. ಇದು ಆಪರೇಷನ್ ಆಗಿದೆಯೆಂಬ ಗುರುತು. ಅದೇ ಬೆಕ್ಕನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಮನೆಗೆ ತಂದ ಮೇಲೆ ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ಇಡಬೇಕು. ಗಂಡಿಗೆ ಒಂದೆರಡು ದಿನ, ಹೆಣ್ಣಿಗೆ ವೈದ್ಯರು ಹೇಳಿದಷ್ಟು ದಿನ. ಮಳೆಯಲ್ಲಿ ಹೊರಗೆ ಬಿಡಬಾರದು. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದೂ ಕೊಡಬೇಡಿ. ಬೆಕ್ಕಿಗೆ ಅದು ವಿಷ. ನಾಯಿಯ ಉಣ್ಣೆಗೆಂದು ಹಚ್ಚುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ಪ್ರಾಣಾಂತಕ.

ಮರಿಗಳಿಗೆ ತಾತ್ಕಾಲಿಕ ಮನೆ

ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬ ಮಾತಿದೆ. ಒಂಟಿ ಮರಿ ಕಂಡೊಡನೆ ಎತ್ತಿಕೊಳ್ಳಬೇಡಿ. ತಾಯಿ ಒಂದೊಂದನ್ನೇ ಸಾಗಿಸುತ್ತಿರಬಹುದು. ಕೆಲವು ಗಂಟೆ ದೂರದಿಂದ ನೋಡಿ. ತಾಯಿ ಬಂದರೆ ಅದೇ ಅತ್ಯುತ್ತಮ. ತಾಯಿ ಮರಿಗಳನ್ನು ಒಂದು ಕೋಣೆಯಲ್ಲಿಟ್ಟು ತಾಯಿಗೆ ಹೊಟ್ಟೆ ತುಂಬ ಹಾಕಿದರೆ ಸಾಕು. ಮರಿಗಳು ತಾವೇ ತಿನ್ನತೊಡಗಿದ ಮೇಲೆ, ಆರರಿಂದ ಎಂಟು ವಾರದಲ್ಲಿ, ತಾಯಿಗೆ ಆಪರೇಷನ್ ಮಾಡಿಸಬಹುದು. ತಡಮಾಡಿದರೆ ಅದು ಮತ್ತೆ ಗಬ್ಬ.

ತಾಯಿ ಇಲ್ಲವೆಂದು ಖಚಿತವಾದರೆ ಮಾತ್ರ ಕೈಸಾಕಣೆ. ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ, ದಿನಕ್ಕೆ ಹತ್ತು ಗ್ರಾಂನಷ್ಟು ಏರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಿ. ಮೊದಲು ಬೆಚ್ಚಗೆ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲು ಭೇದಿಗೆ ದಾರಿ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಪೇಟೆಯಲ್ಲಿ ಸಿಗುತ್ತದೆ. ಎರಡು ವಾರದೊಳಗಿನ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹೊಟ್ಟೆ ಅಡಿಯಾಗಿ ಮಲಗಿಸಿಕೊಂಡು ಕುಡಿಸಬೇಕು. ಬೆನ್ನಡಿಯಾಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಸಲ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕುವ ಕೆಲಸ ಅದು, ಇಲ್ಲವಾದರೆ ಮಲಮೂತ್ರ ಕಟ್ಟುತ್ತದೆ.

ಎರಡರಿಂದ ಏಳು ವಾರದ ಒಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಸಾಧುವಾಗುತ್ತದೆ. ಆ ಕಾಲ ಮೀರಿದರೆ ಬಹುಮಟ್ಟಿಗೆ ಕಾಡುತನ ಉಳಿಯುತ್ತದೆ. ಎಂಟು ವಾರಕ್ಕೆ ಮೊದಲ ಲಸಿಕೆ ಹಾಕಿಸಿ, ಕೇಳಿದವರಿಗೆ ಕೊಡುವಾಗ ಆಪರೇಷನ್ ಮಾಡಿಸುವ ಮಾತು ಪಡೆದೇ ಕೊಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಬೆಕ್ಕಿನ ಹೇಲನ್ನು ಬೇರೆಯವರು ಬಳಿಯಲಿ. ಅದರಿಂದ ಹೊಟ್ಟೆಯ ಕೂಸಿಗೆ ಕೆಡುಕು ಮಾಡುವ ರೋಗಾಣು ತಗಲಬಹುದು. ಕುರಿಗಳು ಕಂದು ಹಾಕುವುದಕ್ಕೂ ಅದೇ ರೋಗಾಣು ಒಂದು ಕಾರಣ.

ಕಾಫಿ ತೋಟದ ಬಾಂಧವರಿಗೂ, ಕಬ್ಬು ಜೋಳದ ಹೊಲವಿರುವವರಿಗೂ ಒಂದು ಎಚ್ಚರಿಕೆ. ಪೊದೆಯಲ್ಲಿ ಸಿಕ್ಕಿದ ಮರಿ ಊರಬೆಕ್ಕಿನದೇ ಆಗಿರಬೇಕೆಂದಿಲ್ಲ. ಕಾಡುಬೆಕ್ಕು, ಚಿರತೆಬೆಕ್ಕು ಮರಿ ಹಾಕುವುದೂ ಇಂಥಲ್ಲಿಯೇ. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಮನೆಗೆ ತರುವಂತಿಲ್ಲ. ಅಲ್ಲಿಯೇ ಬಿಟ್ಟು ದೂರ ಸರಿದರೆ ರಾತ್ರಿ ತಾಯಿ ಒಯ್ಯುತ್ತದೆ. ಅನುಮಾನವಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಇಲಿಯ ಪ್ರಶ್ನೆ

ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ನಿಜವಲ್ಲ. ಬೇಟೆ ಬೆಕ್ಕಿನ ಹುಟ್ಟುಗುಣ, ಗರ್ಭಕೋಶದ ಗುಣವಲ್ಲ. ಆದರೆ ಬೆಕ್ಕಿನ ಬಲವನ್ನು ಹೆಚ್ಚಿಸಿ ಹೇಳುವುದೂ ಬೇಡ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ವಿಂಗಡಿಸುವ ಸ್ಥಳವೊಂದರಲ್ಲಿ ಕ್ಯಾಮರಾ ಇಟ್ಟು 79 ದಿನ ನೋಡಿದ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದಂತೆ, ಅಲ್ಲಿನ ಬೆಕ್ಕುಗಳು ಕೊಂದುದು ಎರಡೇ ದೊಡ್ಡ ಇಲಿಗಳನ್ನು. ಸುಂಡಿಲಿಗೆ ಬೆಕ್ಕು ಸಾಕು, ಹೆಗ್ಗಣಕ್ಕೆ ಸಾಲದು. ಬೆಕ್ಕು ಹೆಚ್ಚಿದಷ್ಟೂ ಇಲಿ ಕಡಿಮೆಯಾಗುತ್ತದೆಂದು ಮರಿ ಹಾಕಲು ಬಿಡುವುದು ವ್ಯರ್ಥ. ಚೀಲಗಳನ್ನು ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿ ಜೋಡಿಸಿ, ಬಿಲ ಮುಚ್ಚಿ. ಬ್ರೋಮಾಡಿಯೋಲೋನ್ ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು. ಆದುದರಿಂದ ಸತ್ತ ಇಲಿಗಳನ್ನು ಆಯ್ದು ಹೂಳಿ.

ಒಬ್ಬರಿಂದ ಆಗುವ ಕೆಲಸವಲ್ಲ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗೆ ಮೊದಲು, ಕಾಯಿ ಉದುರಿದ ಮೇಲಲ್ಲ. ಬೆಕ್ಕಿನ ವಿಷಯವೂ ಹಾಗೆಯೇ, ಮರಿ ಹಾಕುವುದಕ್ಕೆ ಮೊದಲು. ಒಂದು ತೋಟಕ್ಕೆ ಹೊಡೆದು ಪಕ್ಕದ ತೋಟ ಬಿಟ್ಟರೆ ರೋಗ ನಿಲ್ಲದು. ಹತ್ತು ಹೆಣ್ಣಿನಲ್ಲಿ ಎರಡಕ್ಕೆ ಮಾಡಿಸಿ ಎಂಟನ್ನು ಬಿಟ್ಟರೆ ಬೆಕ್ಕೂ ಕಡಿಮೆಯಾಗದು. ಬೋನನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಊರಿನ ಸಹಕಾರ ಸಂಘದ ಗೋದಾಮಿನಲ್ಲಿ ಎರಡು ಬೋನು ಇಟ್ಟು ಸರದಿಯಂತೆ ಸದಸ್ಯರಿಗೆ ಕೊಡಬಹುದು. ನಾಲ್ಕೈದು ಮನೆಯವರು ಸೇರಿದರೆ ಶಿವಮೊಗ್ಗಕ್ಕೆ ಹೋಗುವ ಒಂದೇ ಗಾಡಿಯಲ್ಲಿ ಎಲ್ಲರ ಬೆಕ್ಕೂ ಹೋಗಿಬರುತ್ತದೆ. ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.

ನಮ್ಮ ಮನೆಯ ತಾಯಿಬೆಕ್ಕಿನ ಎರಡನೆಯ ಸೂಲಿನ ಮೂರು ಮರಿಗಳಲ್ಲಿ ಒಂದು ಭೇದಿಯಾಗಿ ಸತ್ತಿತು. ಹಸುವಿನ ಹಾಲು ಕೂಡದೆಂಬುದು ನಮಗೆ ತಿಳಿದದ್ದು ಅದರಿಂದ. ಉಳಿದೆರಡು ನೆಂಟರ ಮನೆ ಸೇರಿವೆ. ತಾಯಿಗೆ ಆಪರೇಷನ್ ಆಗಿ ಎರಡು ಕೊಯ್ಲು ಕಳೆಯಿತು. ಕಿವಿಯ ತುದಿ ಇಲ್ಲದ ಅದು ಈಗಲೂ ಅದೇ ಚೀಲಗಳ ಮೇಲೆ ಮಲಗುತ್ತದೆ. ಗೋಣಿಚೀಲಕ್ಕೆ ನಮ್ಮ ಮನೆಯಲ್ಲಿ ಈಗ ಅಡಿಕೆ ತುಂಬುವ ಕೆಲಸ ಮಾತ್ರ.