ಮಸ್ತಿಷ್ಕವೂ ನ್ಯಾಯಪೀಠವೂ

ಮನುಷ್ಯನ ಬಾಯಿ ಸುಳ್ಳಾಡಬಹುದಾದರೂ ಅವನ ಮಸ್ತಿಷ್ಕ ಸುಳ್ಳಾಡಲಾರದೆಂಬ ನಂಬಿಕೆಯೊಂದು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದೇಶದ ಅಪರಾಧ ತನಿಖೆಯನ್ನು ಬಹುವಾಗಿ ಆಕರ್ಷಿಸಿತ್ತು. ಆ ನಂಬಿಕೆಯ ಪೋಷಣೆಯಲ್ಲಿಯೂ ಅದರ ಪರಿಶೋಧನೆಯಲ್ಲಿಯೂ ಬೆಂಗಳೂರಿನ ಪಾಲು ದೊಡ್ಡದು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಅವರು ರೂಪಿಸಿದ ‘ಬಿಯೋಸ್’ ಎಂಬ ಪರೀಕ್ಷೆಯಲ್ಲಿ, ಆರೋಪಿಯು ತಲೆಯ ಮೇಲೆ ವಿದ್ಯುದ್ಗ್ರಾಹಕಗಳನ್ನು ಧರಿಸಿ, ಕಣ್ಣು ಮುಚ್ಚಿ ಕುಳಿತು, ಕೃತ್ಯವನ್ನು ತಾನೇ ಎಸಗಿದಂತೆ ‘ನಾನು’ ಎಂದು ರಚಿಸಿದ ವಾಕ್ಯಗಳನ್ನು ಆಲಿಸುತ್ತಾನೆ. ಅವನು ಉತ್ತರಿಸಬೇಕಾದುದಿಲ್ಲ, ಅನುಭವಿಸಿದುದರ ಸ್ಮರಣೆ ಅವನಲ್ಲಿ ಎಚ್ಚೆತ್ತಿತೇ ಇಲ್ಲವೇ ಎಂಬುದನ್ನು ಮಿದುಳಿನ ವಿದ್ಯುತ್ತರಂಗಗಳೇ ಸೂಚಿಸುವುವೆಂಬುದು ಇಲ್ಲಿನ ಪ್ರತಿಪಾದನೆ. 2008ರ ಜೂನ್ ತಿಂಗಳಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಈ ಫಲಿತವನ್ನೂ ಒಂದು ಆಧಾರವಾಗಿ ಗಣಿಸಿ ಶಿಕ್ಷೆ ವಿಧಿಸಿತು. ಅದೇ ವರ್ಷ, ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞಸಮಿತಿಯು, ಇಂತಹ ಪರೀಕ್ಷೆಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ನ್ಯಾಯಾಲಯದಲ್ಲಿ ಇದು ಸಾಕ್ಷ್ಯವಾಗತಕ್ಕದ್ದಲ್ಲ ಎಂದು ಅಭಿಪ್ರಾಯಪಟ್ಟಿತು.

ಈ ಸಂಶಯಕ್ಕೆ ಬಲವಾದ ಕಾರಣವುಂಟು. ಸ್ಮೃತಿಯೆಂಬುದು ಕಂಡುದನ್ನು ಕಂಡಂತೆಯೇ ಕಾದಿರಿಸುವ ಭಂಡಾರವಲ್ಲ. ನೆನೆದಾಗಲೆಲ್ಲ ಮಿದುಳು ಅದನ್ನು ಹೊಸತಾಗಿ ಕಟ್ಟುತ್ತದೆ, ಕಲ್ಪಿಸುವಾಗಲೂ ಬಹುಮಟ್ಟಿಗೆ ಅದೇ ಜಾಲವನ್ನೇ ಬಳಸುತ್ತದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ವಾಹನಗಳ ಅಪಘಾತದ ಚಲಚ್ಚಿತ್ರಗಳನ್ನು ತೋರಿಸಿ, ವೇಗವೆಷ್ಟಿತ್ತೆಂದು ಪ್ರಶ್ನಿಸಿದರು: ವಾಹನಗಳು ‘ಅಪ್ಪಳಿಸಿದಾಗ’ ಎಂದು ಕೇಳಿದಾಗ ದೊರೆತ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ, ‘ತಾಗಿದಾಗ’ ಎಂದು ಕೇಳಿದಾಗ 31.8 ಮೈಲಿ. ಪ್ರಶ್ನೆಯ ಒಂದು ಪದವೇ ಕಂಡವರ ನೆನಪನ್ನು ಇಷ್ಟು ಬಾಗಿಸಬಲ್ಲುದಾದರೆ, ದಿನಗಟ್ಟಲೆ ಪೊಲೀಸರ ವಿಚಾರಣೆಯಲ್ಲಿ ಕೃತ್ಯದ ವಿವರಗಳನ್ನೆಲ್ಲ ಕೇಳಿ ಕೇಳಿ, ಭಯದಿಂದ ಅವನ್ನೇ ಮನಸ್ಸಿನಲ್ಲಿ ಚಿತ್ರಿಸಿಕೊಂಡ ನಿರಪರಾಧಿಯ ತರಂಗಗಳನ್ನು ನಾವು ಯಾವ ಧೈರ್ಯದಿಂದ ಓದುವುದು?

2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ತರಂಗಪರೀಕ್ಷೆ ಈ ಮೂರನ್ನೂ ಯಾರ ಮೇಲೂ ಬಲಾತ್ಕಾರವಾಗಿ ನಡೆಸಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿಯೂ, ಜೀವ ಹಾಗೂ ವ್ಯಕ್ತಿಸ್ವಾತಂತ್ರ್ಯವನ್ನು ರಕ್ಷಿಸುವ 21ನೆಯ ವಿಧಿಯೂ ಅದಕ್ಕೆ ಆಧಾರ. ಒಪ್ಪಿ ಪರೀಕ್ಷೆಗೊಳಗಾದವನ ಫಲಿತಾಂಶವೂ ತಾನೇ ಸಾಕ್ಷ್ಯವಾಗದು. ಅದರ ನೆರವಿನಿಂದ ತರುವಾಯ ದೊರೆತ ವಸ್ತುವನ್ನೋ ಮಾಹಿತಿಯನ್ನೋ ಮಾತ್ರ ಪರಿಗಣಿಸಬಹುದು. ಇದು ವಿಜ್ಞಾನಕ್ಕೆ ಹಾಕಿದ ಅಡ್ಡಿಯೆಂದು ಕೆಲವರು ಮರುಗಿದರು. ನನಗಾದರೋ ಇದು ವಿಜ್ಞಾನದ ಮರ್ಯಾದೆಯನ್ನೇ ಉಳಿಸಿದ ತೀರ್ಪೆಂದು ತೋರುತ್ತದೆ.

ಏಕೆಂದರೆ ನರಮನೋವಿಜ್ಞಾನವು ನ್ಯಾಯಕ್ಕೆ ಸಲ್ಲಿಸಬಲ್ಲ ನಿಜವಾದ ಸೇವೆ ಬೇರೆಯೇ ಇದೆ. ಗೋವಿನಕೋವಿಯ ಕೃಷಿಕನೊಬ್ಬನು ಹೊನ್ನಾಳಿಯಿಂದ ಬೈಕಿನಲ್ಲಿ ಮರಳುವಾಗ ಅಪಘಾತಕ್ಕೀಡಾದನೆಂದು ಊಹಿಸೋಣ. ಮೂಳೆ ಕೂಡಿತು, ಗಾಯ ಮಾಯಿತು, ಸ್ಕ್ಯಾನಿನಲ್ಲಿಯೂ ವಿಶೇಷವೇನೂ ಕಾಣಲಿಲ್ಲ. ಆದರೆ ಹಿಂದೆ ಸಮಾಧಾನಿಯಾಗಿದ್ದವನು ಈಗ ಸಣ್ಣ ಮಾತಿಗೂ ಸಿಡಿಯುತ್ತಾನೆ, ಗದ್ದೆಗೆ ನೀರು ಬಿಟ್ಟುದನ್ನು ಮರೆಯುತ್ತಾನೆ, ಅಡಕೆ ಮಾರಿದ ಹಣದ ಲೆಕ್ಕ ಅವನಿಗೆ ಹತ್ತುವುದಿಲ್ಲ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ, ಅಥವಾ ಅದನ್ನು ಇತರ ಭಾಗಗಳಿಗೆ ಜೋಡಿಸುವ ಸೂಕ್ಷ್ಮತಂತುಗಳಿಗೆ ಪೆಟ್ಟಾದಾಗ ಹೀಗಾಗುವುದುಂಟು. ಈ ನಷ್ಟವನ್ನು ಅಳೆಯುವುದಕ್ಕೆ ಸಾಧನಗಳಿವೆ. ಶೋಭಿನಿ ರಾವ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ನಿಮ್ಹಾನ್ಸ್ ಪರೀಕ್ಷಾಮಾಲೆಯು ಅವಧಾನ, ಸ್ಮೃತಿ, ಯೋಜನಾಶಕ್ತಿ ಮುಂತಾದವನ್ನು ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ. ಅದರಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಸಾರವಾಗಿ, ಅನಕ್ಷರಸ್ಥರಿಗೂ ಪ್ರತ್ಯೇಕವಾದ ಮಾನದಂಡಗಳಿವೆ. ಶಾಲೆಯ ಮೆಟ್ಟಿಲು ಹತ್ತದವನನ್ನು ಪದವೀಧರನೊಡನೆ ಹೋಲಿಸಿ ಮಂದಬುದ್ಧಿಯೆಂದು ತೀರ್ಮಾನಿಸುವ ಅನ್ಯಾಯ ಇದರಿಂದ ತಪ್ಪುತ್ತದೆ. ಈ ಪರೀಕ್ಷಾಮಾಲೆಯ ಅತ್ಯಂತ ಮಾನವೀಯವಾದ ಗುಣ ಇದೇ ಎಂದು ನಾನು ಭಾವಿಸುತ್ತೇನೆ.

ಆದುದರಿಂದ, ವಾಹನ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರ ಮನೆಯವರು ಮೂಳೆ ಕೂಡಿತೆಂಬ ಮಾತ್ರಕ್ಕೆ ಸುಮ್ಮನಾಗದೆ, ಸ್ವಭಾವದಲ್ಲಿ ಕಂಡ ಬದಲಾವಣೆಗಳನ್ನು ವೈದ್ಯರಿಗೆ ತಿಳಿಸಿ, ನರಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಪರಿಹಾರದ ಅರ್ಜಿಯೊಡನೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದಿಡಬೇಕು. ವಕೀಲರ ಶುಲ್ಕ ಹೊರೆಯಾದಲ್ಲಿ, ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಉಚಿತ ನೆರವು ಪಡೆಯುವ ಹಕ್ಕುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ.