ಮಡಕೆಯಿಂದ ಹೊರಬಂದ ಕಣ್ಣು

ಚೆನ್ನೈನಿಂದ ಮಾಮಲ್ಲಪುರದ ಕಡೆ ಸುಮಾರು 40 ಕಿಲೋಮೀಟರ್ ಸಾಗಿದರೆ ವಡನೆಮ್ಮೇಲಿ. ರಸ್ತೆಗೂ ಸಮುದ್ರಕ್ಕೂ ನಡುವೆ, ಹಾವುತಜ್ಞ ರೋಮುಲಸ್ ವಿಟೇಕರ್ 1976ರಲ್ಲಿ ಶುರುಮಾಡಿದ ಮೊಸಳೆ ಬ್ಯಾಂಕ್ ಇದೆ. ಜನ ಮೊಸಳೆ ನೋಡಲು ಹೋಗುತ್ತಾರೆ. ನಾನು ಕ್ಯಾಮೆರಾ ಹೊತ್ತು ನಡೆದದ್ದು ಅದೇ ಆವರಣದ ಇನ್ನೊಂದು ಮೂಲೆಗೆ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘಕ್ಕೆ. ಅದಕ್ಕೆ ಬೇರೆ ಟಿಕೆಟ್.

ಒಳಗೆ ಹಾವು ಕಾಣುವುದಿಲ್ಲ, ಮಡಕೆ ಕಾಣುತ್ತವೆ. ಸಾಲಾಗಿ ಇಟ್ಟ ಮಣ್ಣಿನ ಮಡಕೆಗಳು, ಬಾಯಿಗೆ ಬಿಗಿದ ಹತ್ತಿಬಟ್ಟೆ. ನಮ್ಮೂರ ಸಂತೆಯಲ್ಲಿ ನೀರಿಗೆಂದು ಕೊಳ್ಳುವಂಥವೇ. ತಂಪು, ಕತ್ತಲೆ, ಗಾಳಿಯಾಡುವ ಮೈ. ಹಾವಿಗೆ ಇನ್ನೇನು ಬೇಕು? ಇಲ್ಲಿ ಇರುವುದು ನಾಲ್ಕೇ ಜಾತಿ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೂರು ನಾಲ್ಕು ವಾರ ಇಟ್ಟುಕೊಂಡು, ಆಗಾಗ ವಿಷ ತೆಗೆದು, ಹೊಟ್ಟೆಯ ಹುರುಪೆಯನ್ನು ಗುರುತಿಗಾಗಿ ಚೂರು ಕತ್ತರಿಸಿ, ಮತ್ತೆ ಬಯಲಿಗೆ ಬಿಡುತ್ತಾರೆ. ಗುರುತಿದ್ದ ಹಾವು ಮತ್ತೆ ಸಿಕ್ಕರೆ ಅದರ ತಂಟೆಗೆ ಹೋಗುವುದಿಲ್ಲ.

ಮಧ್ಯದಲ್ಲಿ ತಗ್ಗಿನ ಅಂಗಳ, ಸುತ್ತ ನೋಡುಗರ ಕಟ್ಟೆ. ಕೊಕ್ಕೆ ಹಿಡಿದವರೊಬ್ಬರು ಕೊಳಕುಮಂಡಲವನ್ನು ಮರಳಿನ ಮೇಲೆ ಇಳಿಸಿದರು. ಕುಕ್ಕರ್ ಸೀಟಿಗೆ ಮುನ್ನ ಉಸಿರುಬಿಡುತ್ತದಲ್ಲ, ಆ ಸದ್ದು. ಮೂರು ಸಾಲು ಕಂದು ಸರಪಣಿ, ತ್ರಿಕೋನದ ತಲೆ, ನೆಟ್ಟಗೆ ಸೀಳಿದಂಥ ಕಣ್ಣಪಾಪೆ. ನಾಗರನದು ದುಂಡು ಪಾಪೆ. ಎರಡಕ್ಕೂ ರೆಪ್ಪೆಯಿಲ್ಲ; ಕಣ್ಣಿನ ಮೇಲೆ ಪಾರದರ್ಶಕ ಹುರುಪೆ ಕೂತಿದೆ, ಗಡಿಯಾರದ ಗಾಜಿನ ಹಾಗೆ. ಪೊರೆ ಬಿಡುವ ಮುನ್ನ ಅದು ಹಾಲುಗಟ್ಟಿದಂತೆ ನೀಲಿಗಟ್ಟುತ್ತದೆ. ಕಾಡಿನಲ್ಲಿ ವರ್ಷಗಟ್ಟಲೆ ಅಲೆದರೂ ಇಷ್ಟನ್ನೆಲ್ಲ ಕಣ್ತುಂಬ ನೋಡಲಾಗದು.

ನನ್ನ ಚೀಲದಲ್ಲಿ 100 ಎಂಎಂ ಮ್ಯಾಕ್ರೋ ಲೆನ್ಸ್ ಇತ್ತು. ಪೂರ್ತಿ ಹತ್ತಿರದ ಫೋಕಸ್ಸಿಗೆ ಅದರ ಮೂತಿ ಹಾವಿನಿಂದ ಒಂದು ಗೇಣೂ ದೂರವಿರುವುದಿಲ್ಲ. ಅದನ್ನು ಹೊರಗೆ ತೆಗೆಯಲೂ ಇಲ್ಲ. ಕಟ್ಟೆಯ ಮೇಲಿಂದ 300 ಎಂಎಂ ಸಾಕಾಯಿತು. ಕಟ್ಟುಹಾವು ಹಗಲಿನಲ್ಲಿ ಮಂಕು, ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಬಿದ್ದಿತ್ತು. ಆತುರಕ್ಕೆ ಫ್ಲ್ಯಾಷ್ ಹಾಕಿದೆ. ಎಣ್ಣೆ ಸವರಿದಂತೆ ಹೊಳೆಯುವ ಆ ಕಪ್ಪು ಮೈ ಚಿತ್ರದಲ್ಲಿ ಬರೀ ಬಿಳಿ ಮಚ್ಚೆಯಾಗಿ ಬಂತು. ಕೊಕ್ಕೆಯವರು ತಲೆಯೆತ್ತಿ ನೋಡಿದರು, ಏನೂ ಅನ್ನಲಿಲ್ಲ. ನಾಚಿಕೆಯಾಗಿ ಫ್ಲ್ಯಾಷ್ ಆರಿಸಿ, ಮೋಡ ಬರಲೆಂದು ಕಾದೆ. ಮೋಡದ ಬೆಳಕಿನಲ್ಲಿ ಬೆನ್ನಹುರಿಯ ಉದ್ದಕ್ಕೂ ಜೋಡಿಸಿದ ಆರುಮೂಲೆಯ ದೊಡ್ಡ ಹುರುಪೆಗಳು ಒಂದೊಂದೂ ಬಿಡಿಬಿಡಿಯಾಗಿ ಮೂಡಿದವು. ಕಟ್ಟುಹಾವನ್ನು ಗುರುತಿಸಲು ಬಿಳಿ ಪಟ್ಟೆಗಿಂತ ಅದೇ ಭರವಸೆಯ ಗುರುತು.

ಮುಂದಿನದು ವಿಷ ತೆಗೆಯುವುದು. ಪೊರೆ ಬಿಗಿದ ಗಾಜಿನ ಪಾತ್ರೆಯನ್ನು ಹಾವು ಕಚ್ಚುತ್ತದೆ, ಹಳದಿ ಹನಿ ಜಾರುತ್ತದೆ, ಮುಗಿಯಿತು. ಈ ಇರುಳರ ಹಿರಿಯರು ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಅನ್ನ ಹೋಯಿತು. 1978ರಲ್ಲಿ ಸಂಘ ಹುಟ್ಟಿತು. ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ಇವರ ಕೈಯಿಂದಲೇ ಹೋಗುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಸೀಸೆಗೂ ಈ ಮಡಕೆಗಳಿಗೂ ನಂಟಿದೆ. ಇದೇ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಮನೆಗೆ ಬಂದು, ಮಡಕೆಯಿಂದ ತಲೆಯೆತ್ತಿದ ನಾಗರನ ಚಿತ್ರ ಕತ್ತರಿಸುವಾಗ ಆಸೆ ಹುಟ್ಟುವುದು ಸಹಜ: ಮಡಕೆಯ ಅಂಚು ತೆಗೆದುಬಿಟ್ಟರೆ ಕಾಡಿನ ಹಾವೇ ಅಲ್ಲವೆ? ಅಂಥ ಚಿತ್ರಗಳನ್ನು ಬೆಂಗಳೂರಿನ ಗೋಡೆಗಳ ಮೇಲೂ ಕಂಡಿದ್ದೇನೆ. ನನಗದು ಕಳ್ಳತನ ಅನ್ನಿಸುತ್ತದೆ. ವನ್ಯಜೀವಿ ವಿಭಾಗದ ಸ್ಪರ್ಧೆಗಳೂ ಸೆರೆಯ ಪ್ರಾಣಿಯ ಚಿತ್ರವನ್ನು ಒಪ್ಪುವುದಿಲ್ಲ. ನಾನು ಮಡಕೆಯ ಅಂಚನ್ನು ಉಳಿಸಿಕೊಂಡೆ. ಕೆಂಪು ಮಣ್ಣಿನ ಎದುರಿಗೆ ನಾಗರನ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

ಹೋಗುವವರು ದೂರದ ಲೆನ್ಸ್ ಒಯ್ಯಿರಿ, ಫ್ಲ್ಯಾಷ್ ಮನೆಯಲ್ಲೇ ಬಿಡಿ.