ಮಾದಕ ದ್ರವ್ಯಗಳ ವಿರುದ್ಧ ಸೈನಿಕರು: ಅಮೆರಿಕದ ಅನುಭವ

ಮಾದಕ ದ್ರವ್ಯಗಳ ಪಿಡುಗಿನ ಕುರಿತು ಚರ್ಚೆ ನಡೆಯುವಲ್ಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. “ಪೊಲೀಸರಿಂದ ಇದು ಆಗುವ ಕೆಲಸವಲ್ಲ, ಮಿಲಿಟರಿಯನ್ನೇ ಇಳಿಸಬೇಕು” ಎಂಬುದೇ ಆ ಮಾತು. ವ್ಯಸನಕ್ಕೆ ಮಗನನ್ನು ಕಳೆದುಕೊಂಡ ತಂದೆತಾಯಿಯ ಬಾಯಿಂದ ಈ ಮಾತು ಬಂದಾಗ ಅದನ್ನು ಬರಿಯ ಆಕ್ರೋಶವೆಂದು ತಳ್ಳಿಹಾಕಲು ಮನಸ್ಸು ಬಾರದು. ಆದರೆ ಮಿಲಿಟರಿ ಬಂದು ಏನು ಮಾಡಬೇಕು, ಏನನ್ನು ಮಾಡಕೂಡದು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು ಈ ಪ್ರಯೋಗವನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿದೆ. ಅಲ್ಲಿ ಫಲಿಸಿದ್ದು ಯಾವುದು, ಮುಗ್ಗರಿಸಿದ್ದು ಯಾವುದು ಎಂಬುದನ್ನು ತಿಳಿದುಕೊಳ್ಳುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಅಲ್ಲಿನ ಕಾನೂನಿನ ಕಡೆಗೆ ನೋಡೋಣ. ಒಕ್ಕೂಟದ ಸೈನ್ಯವನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದೆಂದು ವಿಧಿಸುವ ‘ಪೋಸೆ ಕೊಮಿಟಾಟಸ್’ ಕಾಯಿದೆ 1878ರಷ್ಟು ಹಳೆಯದು. ಅಪರಾಧಿಯ ಬೆನ್ನಟ್ಟಲು ಊರಿನ ಷೆರಿಫ್ ಕೂಡಿಸಿಕೊಳ್ಳುವ ಜನರ ಗುಂಪಿಗೆ ಲ್ಯಾಟಿನ್ ಭಾಷೆಯಲ್ಲಿ ಆ ಹೆಸರು. ಈ ಕಾಯಿದೆಯನ್ನು ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವುಂಟು. ಇದರ ಹುಟ್ಟು ಅಷ್ಟೇನೂ ಪವಿತ್ರವಾದುದಲ್ಲ ಎಂಬುದನ್ನೂ ಹೇಳಬೇಕು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆ ಹೊಂದಿದ ಕರಿಯ ಜನರ ಮತದಾನಕ್ಕೆ ಕಾವಲಾಗಿ ನಿಂತಿದ್ದ ಸೈನ್ಯವನ್ನು ದೂರವಿಡುವುದು ಆ ಪ್ರದೇಶದ ಪ್ರತಿನಿಧಿಗಳ ಬಯಕೆಯಾಗಿತ್ತು. ಹೀಗೆ ವಕ್ರ ಉದ್ದೇಶದಿಂದ ಹುಟ್ಟಿದ ಕಾಯಿದೆಯೇ ಮುಂದೆ ನಾಗರಿಕ ಸ್ವಾತಂತ್ರ್ಯದ ಒಂದು ಬೇಲಿಯಾಗಿ ನಿಂತದ್ದು ಇತಿಹಾಸದ ವಿಚಿತ್ರಗಳಲ್ಲೊಂದು.

ಆ ಬೇಲಿಯಲ್ಲಿ ಒಂದು ಗೇಟು ಉಂಟು. ಅದೇ ನ್ಯಾಷನಲ್ ಗಾರ್ಡ್. ನಮ್ಮ ಪ್ರಾದೇಶಿಕ ಸೇನೆಯಂತೆ ಇದರಲ್ಲಿಯೂ ಹೆಚ್ಚಿನವರು ಬೇರೆ ಉದ್ಯೋಗದಲ್ಲಿದ್ದುಕೊಂಡೇ ಬಿಡುವಿನಲ್ಲಿ ಕವಾಯತು ಮಾಡುವವರು. ಅಂಗಡಿಯವರು, ಅಧ್ಯಾಪಕರು, ಮೆಕ್ಯಾನಿಕ್‌ಗಳು. ಆದರೆ ಈ ಪಡೆ ಸಾಮಾನ್ಯ ಕಾಲದಲ್ಲಿ ಆಯಾ ರಾಜ್ಯದ ಗವರ್ನರರ ಅಧೀನದಲ್ಲಿರುತ್ತದೆ. ಅಲ್ಲಿನ ಗವರ್ನರರು ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು. ಗಾರ್ಡ್ ಹೀಗೆ ರಾಜ್ಯದ ಆಜ್ಞೆಯಲ್ಲಿರುವಷ್ಟು ಕಾಲ 1878ರ ಕಾಯಿದೆ ಅದಕ್ಕೆ ಅನ್ವಯಿಸದು. ಹವಾಯಿಯಲ್ಲಿ 1977ರಲ್ಲಿ ಕಾಡಿನ ನಡುವೆ ಬೆಳೆದಿದ್ದ ಗಾಂಜಾ ತೋಟಗಳನ್ನು ಕಂಡುಹಿಡಿದು ಕಿತ್ತೆಸೆಯಲು ಗಾರ್ಡ್‌ನ ಹೆಲಿಕಾಪ್ಟರುಗಳು ಪೊಲೀಸರನ್ನು ಹೊತ್ತು ಹಾರಿದಾಗ ಈ ಸಹಕಾರ ಮೊದಲಾಯಿತು. ಅದೇ ಹವಾಯಿ 2000ದಲ್ಲಿ ಔಷಧೀಯ ಬಳಕೆಗೆಂದು ಗಾಂಜಾವನ್ನು ಶಾಸನಬದ್ಧಗೊಳಿಸಿತೆಂಬುದು ಬೇರೆಯೇ ಕಥೆ.

1981ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಸೈನ್ಯವು ತನ್ನ ಸಲಕರಣೆ, ತರಬೇತಿ ಹಾಗೂ ಮಾಹಿತಿಯನ್ನು ಪೊಲೀಸರಿಗೆ ಒದಗಿಸಬಹುದೆಂದು ಕಾನೂನು ಮಾಡಿತು. ಶೋಧ, ಜಪ್ತಿ, ಬಂಧನಗಳಲ್ಲಿ ಸೈನಿಕ ನೇರವಾಗಿ ಕೈಹಾಕುವಂತಿಲ್ಲವೆಂಬ ನಿರ್ಬಂಧವನ್ನು ಉಳಿಸಿಕೊಂಡಿತು. ಅಧ್ಯಕ್ಷ ರೇಗನ್ 1986ರಲ್ಲಿ ಮಾದಕ ದ್ರವ್ಯಗಳ ಸಾಗಾಟವನ್ನು ರಾಷ್ಟ್ರೀಯ ಭದ್ರತೆಗೆ ಬೆದರಿಕೆಯೆಂದು ಸಾರಿದರು. ಅವರ ಉತ್ತರಾಧಿಕಾರಿ ಬುಷ್ 1989ರ ಸೆಪ್ಟೆಂಬರ್ 5ರಂದು ದೂರದರ್ಶನದಲ್ಲಿ ಕೊಕೇನಿನ ಒಂದು ಪೊಟ್ಟಣವನ್ನು ಎತ್ತಿ ತೋರಿಸಿ, ಇದು ಶ್ವೇತಭವನದ ಎದುರಿನ ಉದ್ಯಾನದಲ್ಲೇ ಸಿಕ್ಕಿದ್ದೆಂದರು. ಅಂಥ ದೃಶ್ಯ ಬೇಕಾಗಿತ್ತೆಂದು ಅಧಿಕಾರಿಗಳೇ ಮಾರಾಟಗಾರನನ್ನು ಉಪಾಯದಿಂದ ಆ ಉದ್ಯಾನಕ್ಕೆ ಕರೆಸಿಕೊಂಡಿದ್ದರೆಂಬುದು ಕೆಲವೇ ವಾರಗಳಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಯುದ್ಧಕ್ಕೆ ಹೊರಟವರಿಗೆ ರಂಗಸಜ್ಜಿಕೆಯೂ ಬೇಕಾಗುತ್ತದೆ! ಅದೇ ವರ್ಷ ಗಾರ್ಡ್‌ನ ಕೆಲಸಕ್ಕೆ ಒಕ್ಕೂಟದ ಹಣ ಹರಿಯತೊಡಗಿತು. ನವೆಂಬರಿನಲ್ಲಿ ಟೆಕ್ಸಾಸಿನ ಎಲ್ ಪಾಸೋ ಬಳಿಯ ಫೋರ್ಟ್ ಬ್ಲಿಸ್ ನೆಲೆಯಲ್ಲಿ ಗಡಿ ಕಾವಲಿಗೆ ನೆರವಾಗಲು ಒಂದು ಜಂಟಿ ಸೇನಾಪಡೆಯನ್ನೂ ರಚಿಸಲಾಯಿತು.

ಆ ಜಂಟಿ ಪಡೆಯ ಕೆಲಸದಲ್ಲಿಯೇ, ಬೇಲಿ ಏಕೆ ಬೇಕಿತ್ತೆಂಬುದನ್ನು ಎಲ್ಲರಿಗೂ ಮನಗಾಣಿಸಿದ ದುರಂತವೊಂದು ಸಂಭವಿಸಿತು. ರಿಯೋ ಗ್ರಾಂಡೆ ನದಿಯ ದಡದಲ್ಲಿ ರೆಡ್‌ಫರ್ಡ್ ಎಂಬ ಪುಟ್ಟ ಹಳ್ಳಿಯಿದೆ. ನದಿಯಾಚೆಗೆ ಮೆಕ್ಸಿಕೋ. ನದಿ ದಾಟಿ ಬರುವ ಸಾಗಾಟಗಾರರ ಮೇಲೆ ಕಣ್ಣಿಡಲೆಂದು ನಾಲ್ವರು ಮರೀನ್ ಸೈನಿಕರು ಎಲೆಬಳ್ಳಿಗಳ ಬಣ್ಣದ ಮರೆವೇಷ ತೊಟ್ಟು ಅಲ್ಲಿ ಅಡಗಿದ್ದರು. ಅವರು ಅಲ್ಲಿರುವ ಸುದ್ದಿ ಹಳ್ಳಿಯ ಒಬ್ಬರಿಗೂ ಗೊತ್ತಿರಲಿಲ್ಲ. 1997ರ ಮೇ 20ರ ಸಂಜೆ ಎಸೆಕ್ವಿಯೆಲ್ ಹೆರ್ನಾಂಡೆಸ್ ಎಂಬ ಹುಡುಗ ಶಾಲೆಯಿಂದ ಬಂದವನು ಎಂದಿನಂತೆ ತನ್ನ ಮನೆಯ ಆಡುಗಳನ್ನು ಮೇಯಿಸಲು ಹೊರಟ. ಅವನಿಗೆ ಹದಿನೆಂಟು ತುಂಬಿ ಇನ್ನೂ ಒಂದು ವಾರವಾಗಿರಲಿಲ್ಲ. ಕಾಡುನಾಯಿಗಳಿಂದ ಆಡುಗಳನ್ನು ಕಾಯಲು ಅವನ ಕೈಯಲ್ಲಿ ಹಳೆಯ ಪಾಯಿಂಟ್ ಟೂ ಟೂ ಬಂದೂಕು ಇತ್ತು. ಹುಡುಗ ತಮ್ಮ ಕಡೆಗೆ ಗುಂಡು ಹಾರಿಸಿದನೆಂದು ಸೈನಿಕರು ರೇಡಿಯೋದಲ್ಲಿ ವರದಿ ಮಾಡಿದರು. ಸುಮಾರು ಇಪ್ಪತ್ತು ನಿಮಿಷಗಳ ಕಾಲ ಪೊದೆಗಳ ಮರೆಯಲ್ಲಿ ಅವನನ್ನು ಹಿಂಬಾಲಿಸಿದರು. ಅವನು ಮತ್ತೆ ಬಂದೂಕು ಎತ್ತಿದನೆಂದು ಹೇಳಿ ತಂಡದ ನಾಯಕ ಗುಂಡು ಹಾರಿಸಿದ. ಹುಡುಗ ತನ್ನ ಮನೆಗೆ ಅನತಿ ದೂರದಲ್ಲೇ ಪ್ರಾಣ ಬಿಟ್ಟ.

ಅವನಿಗೂ ಮಾದಕ ದ್ರವ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವನ ಕೋಣೆಯ ಗೋಡೆಯ ಮೇಲೆ ಮರೀನ್ ದಳಕ್ಕೆ ಸೇರುವಂತೆ ಕರೆಯುವ ಚಿತ್ರಪಟವಿತ್ತೆಂದು ಆಗಿನ ವರದಿಗಳು ತಿಳಿಸಿವೆ. ಟೆಕ್ಸಾಸಿನ ಗ್ರ್ಯಾಂಡ್ ಜ್ಯೂರಿ ಸೈನಿಕನ ಮೇಲೆ ದೋಷಾರೋಪ ಹೊರಿಸಲಿಲ್ಲ. 1998ರಲ್ಲಿ ಸರಕಾರ ಆ ಕುಟುಂಬಕ್ಕೆ ಸುಮಾರು 19 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಅದಕ್ಕೂ ಮೊದಲೇ, 1997ರ ಜುಲೈಯಲ್ಲಿ, ಗಡಿಯಲ್ಲಿ ಸಶಸ್ತ್ರ ಸೈನಿಕರ ಕಾಲ್ನಡೆಯ ಗಸ್ತನ್ನು ಪೆಂಟಗನ್ ನಿಲ್ಲಿಸಿತ್ತು.

ಆ ನಾಲ್ವರು ದುಷ್ಟರೆಂದು ನಾವು ಬರೆಯಲಾರೆವು. ಅವರೂ ಹರೆಯದವರೇ. ಶತ್ರುವನ್ನು ಗುರುತಿಸುವುದು, ಮರೆಯಿಂದ ಹಿಂಬಾಲಿಸುವುದು, ಹೊಡೆದುರುಳಿಸುವುದು ಅವರಿಗೆ ದೊರೆತ ಶಿಕ್ಷಣ. ಪೊಲೀಸಿನವನು ಮೊದಲು ಮಾಡುವ ಕೆಲಸವೆಂದರೆ ಕೂಗಿ ಕರೆಯುವುದು: “ಯಾರಲ್ಲಿ? ಬಂದೂಕು ಕೆಳಗಿಡು” ಎನ್ನುವುದು. ಊರಿನ ಪೊಲೀಸಿನವನಾಗಿದ್ದರೆ ಬಹುಶಃ ಹುಡುಗನನ್ನು ಹೆಸರಿಟ್ಟೇ ಕರೆಯುತ್ತಿದ್ದ. ಸೈನಿಕನಿಗೆ ಅಂಥ ಕೂಗು ತನ್ನ ಇರವನ್ನು ಶತ್ರುವಿಗೆ ಬಿಟ್ಟುಕೊಡುವ ತಪ್ಪು. ಎರಡೂ ಶಿಸ್ತುಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾದವೇ. ಒಂದರ ಜಾಗಕ್ಕೆ ಇನ್ನೊಂದನ್ನು ತಂದು ನಿಲ್ಲಿಸಿದವರ ಮೇಲೆ ಹೊಣೆ ಬೀಳಬೇಕು.

ಇಷ್ಟಾದರೂ ಸೈನ್ಯದ ನೆರವೇ ಅನಗತ್ಯವೆಂದು ಹೇಳಲು ಬರುವುದಿಲ್ಲ. ಗಾರ್ಡ್‌ನ ಕಾರ್ಯಕ್ರಮ ಇಂದು ಐವತ್ತು ರಾಜ್ಯಗಳು, ರಾಜಧಾನಿ ಮತ್ತು ಮೂರು ಅಧೀನ ಪ್ರದೇಶಗಳಲ್ಲಿ ಹರಡಿದೆ. ಗವರ್ನರರು ವರ್ಷಕ್ಕೊಂದು ಯೋಜನೆ ಸಿದ್ಧಪಡಿಸಿ ರಕ್ಷಣಾ ಇಲಾಖೆಗೆ ಒಪ್ಪಿಸಬೇಕು. ಅದರಲ್ಲಿ ತೊಡಗಿದವರಲ್ಲಿ ಅನೇಕರು ಬಂದೂಕು ಹಿಡಿದವರಲ್ಲ, ಮೇಜಿನ ಮುಂದೆ ಕೂತವರು. ಸಾಗಾಟದ ಜಾಲವೊಂದರ ದೂರವಾಣಿ ಕರೆಗಳ ಪಟ್ಟಿ, ಬ್ಯಾಂಕ್ ಲೆಕ್ಕಗಳು, ವಾಹನಗಳ ಓಡಾಟ ಇವನ್ನೆಲ್ಲ ಹೊಂದಿಸಿ ಯಾರು ಯಾರಿಗೆ ಕೊಂಡಿ ಎಂಬ ನಕ್ಷೆ ಬಿಡಿಸುವುದು ಅವರ ಕೆಲಸ. ಸಣ್ಣ ಪಟ್ಟಣದ ಪೊಲೀಸ್ ಠಾಣೆಗೆ ಇಂಥ ನಿಪುಣರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಶಕ್ತಿಯಿರುವುದಿಲ್ಲ. ಕತ್ತಲಲ್ಲೂ ಕಾಣುವ ಕ್ಯಾಮರಾ ಹೊತ್ತ ಲಕೋಟಾ ಹೆಲಿಕಾಪ್ಟರು ಮೇಲಿನಿಂದ ದಾರಿ ತೋರಿಸುತ್ತದೆ. ಫ್ಲೋರಿಡಾ, ಮಿಸಿಸಿಪಿ, ಪೆನ್ಸಿಲ್ವೇನಿಯ, ಅಯೋವಾ ಹಾಗೂ ವಾಷಿಂಗ್ಟನ್ ರಾಜ್ಯಗಳಲ್ಲಿ ನೆಲೆಯೂರಿದ ಐದು ಶಾಲೆಗಳು ಪೊಲೀಸರಿಗೆ ತರಬೇತಿ ನೀಡುತ್ತ ಬಂದಿವೆ. ಕೈಗೆ ಕೋಳ ತೊಡಿಸುವವನು ಮಾತ್ರ ಪೊಲೀಸನೇ.

ಇದಕ್ಕೆ ಖರ್ಚೂ ಕಡಿಮೆಯಲ್ಲ. 2015ರ ಹಣಕಾಸು ವರ್ಷದಲ್ಲಿ ಈ ರಾಜ್ಯ ಯೋಜನೆಗಳಿಗೆ ಸುಮಾರು 17.6 ಕೋಟಿ ಡಾಲರ್ ಸಂದಿತ್ತು. ಅದೇ ವರ್ಷ ಅಮೆರಿಕದ ಲೆಕ್ಕಪರಿಶೋಧನಾ ಕಚೇರಿ ಪ್ರಕಟಿಸಿದ ವರದಿ, ಹಣ ಸಾರ್ಥಕವಾಯಿತೋ ಇಲ್ಲವೋ ಎಂದು ತಿಳಿಯಲು ಬೇಕಾದ ಮಾಹಿತಿಯನ್ನು ರಕ್ಷಣಾ ಇಲಾಖೆ ಸರಿಯಾಗಿ ಬಳಸಿಕೊಳ್ಳುತ್ತಿಲ್ಲವೆಂದು ಆಕ್ಷೇಪಿಸಿತು. ಹಿಡಿದ ಮಾಲಿನ ತೂಕ ಹೇಳುವುದು ಸುಲಭ. ಉಳಿದ ಜೀವಗಳ ಲೆಕ್ಕ ಹೇಳುವುದು ಕಷ್ಟ.

ಇನ್ನು ಶಾಲೆಗಳ ಸಂಗತಿ. ಪ್ರತಿವರ್ಷ ಅಕ್ಟೋಬರ್ 23ರಿಂದ 31ರವರೆಗೆ ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಎದೆಗೆ ಕೆಂಪು ರಿಬ್ಬನ್ ಧರಿಸುವುದುಂಟು. ಇದರ ಹಿಂದೆ ಎನ್ರಿಕೆ ಕಮರೇನಾ ಎಂಬ ಅಧಿಕಾರಿಯ ಬಲಿದಾನವಿದೆ. ಹಿಂದೆ ಮರೀನ್ ಸೈನಿಕನಾಗಿದ್ದ ಈತ ಮಾದಕ ದ್ರವ್ಯ ತಡೆ ಸಂಸ್ಥೆ ಸೇರಿ ಮೆಕ್ಸಿಕೋದಲ್ಲಿ ಕೆಲಸ ಮಾಡುತ್ತಿದ್ದಾಗ, 1985ರ ಫೆಬ್ರವರಿಯಲ್ಲಿ ಸಾಗಾಟಗಾರರು ಅಪಹರಿಸಿ ಚಿತ್ರಹಿಂಸೆ ಕೊಟ್ಟು ಕೊಂದರು. ಅವನು ಬೆಳೆದ ಊರಾದ ಕ್ಯಾಲಿಫೋರ್ನಿಯದ ಕಲೆಕ್ಸಿಕೋದ ಬಂಧುಮಿತ್ರರು ಕೆಂಪು ರಿಬ್ಬನ್ ಕಟ್ಟಿಕೊಂಡು ವ್ಯಸನದಿಂದ ದೂರವಿರುವ ಪ್ರತಿಜ್ಞೆ ಮಾಡಿದರು. 1988ರಿಂದ ಅದು ರಾಷ್ಟ್ರೀಯ ಸಪ್ತಾಹವಾಯಿತು. ಈ ದಿನಗಳಲ್ಲಿ ಗಾರ್ಡ್‌ನ ಸೈನಿಕರು ಶಾಲೆಗಳಿಗೆ ಬಂದು ಮಾತನಾಡುತ್ತಾರೆ. ಕೆಲವೆಡೆ ಆಟದ ಬಯಲಿನಲ್ಲಿ ಹೆಲಿಕಾಪ್ಟರನ್ನೇ ಇಳಿಸುತ್ತಾರೆ. ಮಕ್ಕಳ ಸಂಭ್ರಮವನ್ನು ಕೇಳಬೇಕೆ!

ಆದರೆ ಸಮವಸ್ತ್ರದವರ ಉಪದೇಶ ಎಷ್ಟು ದಿನ ನಿಲ್ಲುತ್ತದೆ? ಲಾಸ್ ಏಂಜಲಿಸಿನ ಪೊಲೀಸರು 1983ರಲ್ಲಿ ಆರಂಭಿಸಿದ ‘ಡೇರ್’ ಎಂಬ ಶಾಲಾ ಕಾರ್ಯಕ್ರಮ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಅದರ ಹಳೆಯ ಪಾಠಕ್ರಮದಿಂದ ಮಕ್ಕಳ ವ್ಯಸನದಲ್ಲಿ ಹೇಳಿಕೊಳ್ಳುವಂಥ ದೀರ್ಘಕಾಲದ ವ್ಯತ್ಯಾಸವೇನೂ ಆಗಲಿಲ್ಲವೆಂದು ಸಂಶೋಧನೆಗಳು ಒಂದರ ಹಿಂದೊಂದು ತಿಳಿಸಿದವು. 2003ರಲ್ಲಿ ಲೆಕ್ಕಪರಿಶೋಧನಾ ಕಚೇರಿಯೂ ಇದನ್ನೇ ಹೇಳಿತು. ಗಾರ್ಡ್ 1993ರಿಂದ ನಡೆಸುತ್ತಿರುವ ‘ಯೂತ್ ಚಾಲೆಂಜ್’ ಇದಕ್ಕಿಂತ ಬೇರೆ ಬಗೆಯದು. ಶಾಲೆ ಬಿಟ್ಟ ಹದಿಹರೆಯದವರನ್ನು ಐದೂವರೆ ತಿಂಗಳು ತನ್ನಲ್ಲೇ ಇರಿಸಿಕೊಂಡು, ಬಳಿಕ ಒಂದು ವರ್ಷ ಹಿರಿಯರೊಬ್ಬರ ಆಸರೆಗೆ ಒಪ್ಪಿಸುವ ವ್ಯವಸ್ಥೆ ಅದು. ಮೂರು ವರ್ಷಗಳ ನಂತರ ನೋಡಿದಾಗ, ಸೇರಿದವರಲ್ಲಿ ಶೇಕಡಾ 72 ಮಂದಿ ಪ್ರೌಢಶಿಕ್ಷಣದ ಪ್ರಮಾಣಪತ್ರ ಪಡೆದಿದ್ದರೆ, ಅವರಂತೆಯೇ ಇದ್ದು ಅವಕಾಶ ಸಿಗದವರಲ್ಲಿ 56 ಮಂದಿ ಮಾತ್ರ ಪಡೆದಿದ್ದರು. ಕೆಲಸ, ಗಳಿಕೆಯಲ್ಲೂ ಮೇಲುಗೈಯಿತ್ತು. ವ್ಯಸನದ ವಿಷಯದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ಅಂತರ ಕಾಣಲಿಲ್ಲ. ಶಿಸ್ತು ಎಲ್ಲ ರೋಗಕ್ಕೂ ಮದ್ದೆಂದು ನಂಬುವ ನಮ್ಮ ಹಿರಿಯರು ಈ ಅಂಶವನ್ನು ಗಮನಿಸಬೇಕು.

ಈಗಿನ ಶತ್ರು ಬೇರೆಯೇ ಆಗಿದೆ. ಫೆಂಟನಿಲ್ ಎಂಬ ಕೃತಕ ಅಮಲುಪದಾರ್ಥದ ಎರಡು ಮಿಲಿಗ್ರಾಂ ಒಬ್ಬನನ್ನು ಕೊಲ್ಲಬಲ್ಲುದು. ಅದಕ್ಕೆ ಹೊಲ ಬೇಡ, ತೋಟ ಬೇಡ. ಹೆಲಿಕಾಪ್ಟರಿಗೆ ಕಾಣುವುದೂ ಇಲ್ಲ. ಗಡಿಯಲ್ಲಿ ಸಿಕ್ಕಿಬಿದ್ದದ್ದರ ಬಹುಪಾಲು, ಸುಂಕದ ಕಟ್ಟೆಯ ಮೂಲಕವೇ ಹಾದುಹೋಗುವ ವಾಹನಗಳೊಳಗೆ ಅಡಗಿಸಿಟ್ಟದ್ದು. 2022ರಲ್ಲಿ ಅತಿಸೇವನೆಯಿಂದ ಸತ್ತ ಅಮೆರಿಕನ್ನರ ಸಂಖ್ಯೆ ಒಂದು ಲಕ್ಷ ಏಳು ಸಾವಿರವನ್ನು ಮೀರಿತ್ತು. 2024ರಲ್ಲಿ ಅದು ಎಂಬತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಉಸಿರು ನಿಲ್ಲುವವರನ್ನು ಬದುಕಿಸುವ ನಲೋಕ್ಸೋನ್ ಔಷಧ ಕೈಗೆಟಕುವಂತಾದದ್ದು ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೋದ ಗವರ್ನರರು ಆಲ್ಬುಕರ್ಕಿ ನಗರಕ್ಕೆ ಗಾರ್ಡ್ ಸಿಬ್ಬಂದಿಯನ್ನು ಕಳುಹಿಸಲು ಆದೇಶಿಸಿದಾಗ ಬಂಧನದ ಅಧಿಕಾರವನ್ನು ಕೊಡದೆ, ಪೊಲೀಸರ ಹಿಂದಿನ ಕೆಲಸಗಳಿಗಷ್ಟೇ ನಿಯೋಜಿಸಿದರು. ಅದೇ ವರ್ಷದ ಸೆಪ್ಟೆಂಬರಿನಿಂದ ಕೆರಿಬಿಯನ್ ಸಮುದ್ರದಲ್ಲಿ ಮಾದಕ ದ್ರವ್ಯ ಸಾಗಿಸುತ್ತಿದ್ದವೆನ್ನಲಾದ ದೋಣಿಗಳನ್ನು ಅಮೆರಿಕದ ಸೇನೆ ವಿಚಾರಣೆಯಿಲ್ಲದೆ ಹೊಡೆದುರುಳಿಸಿ ಜೀವಹಾನಿ ಮಾಡಿದಾಗ, ಹಳೆಯ ಬೇಲಿಯ ಪ್ರಶ್ನೆ ಮತ್ತೊಮ್ಮೆ ಎದ್ದುನಿಂತಿತು. ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸಬೇಕಾದವನನ್ನು ಯುದ್ಧಭೂಮಿಯ ಶತ್ರುವೆಂದು ಎಣಿಸುವುದು ನ್ಯಾಯವಲ್ಲವೆಂದೇ ನಮ್ಮ ಅಭಿಮತ.

ಊರಿನವರೇ ಮುಂದೆ ನಿಂತು ಮಾಡುವ ಕೆಲಸದ ಬಗ್ಗೆ ಸುದ್ದಿಯಾಗುವುದು ಕಡಿಮೆ. 1997ರ, ಅಂದರೆ ರೆಡ್‌ಫರ್ಡಿನ ಹುಡುಗ ಸತ್ತ ವರ್ಷದ, ಒಂದು ಕಾಯಿದೆಯಂತೆ ಊರಿನ ಹನ್ನೆರಡು ವರ್ಗಗಳ ಜನ ಒಂದೇ ಮೇಜಿನ ಸುತ್ತ ಕೂಡಿದರೆ ವರ್ಷಕ್ಕೆ 1,25,000 ಡಾಲರುಗಳವರೆಗೆ ಸರಕಾರದ ಅನುದಾನ ದೊರೆಯುತ್ತದೆ; ಊರವರೂ ತಮ್ಮ ಪಾಲು ಹಾಕಬೇಕು. ಯುವಕರು, ಹೆತ್ತವರು, ಶಾಲೆಯವರು, ವೈದ್ಯರು, ವ್ಯಾಪಾರಿಗಳು, ಪತ್ರಿಕೆಯವರು, ಪೊಲೀಸರು ಮೊದಲಾದವರ ಜತೆಗೆ ಧಾರ್ಮಿಕ ಸಂಸ್ಥೆಗಳೂ ಈ ಹನ್ನೆರಡರಲ್ಲಿ ಒಂದು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1990ರಲ್ಲೇ ವ್ಯಸನವನ್ನು ಹೊಸ ದಾಸ್ಯವೆಂದು ಕರೆದು ಪಾಲನಾ ಸಂದೇಶ ಹೊರಡಿಸಿದ್ದರಿಂದ ಅಲ್ಲಿನ ಧರ್ಮಕೇಂದ್ರಗಳಿಗೆ ಇದು ಅಪರಿಚಿತ ವಿಷಯವೇನೂ ಆಗಿರಲಿಲ್ಲ. ಗಾರ್ಡ್‌ನವರು ಈ ಕೂಟಗಳಿಗೆ ಬರುವುದು ನೆರವಿಗಾಗಿ. ಅಂಕಿ ಅಂಶ ಕಲೆಹಾಕುವುದು, ಯೋಜನೆಯ ಹೊಣೆ ಹಂಚುವುದು ಅವರಿಗೆ ಚೆನ್ನಾಗಿ ಬರುತ್ತದೆ. ಅಧ್ಯಕ್ಷನ ಕುರ್ಚಿ ಊರವರದು.

ನೋವಿನ ಮಾತ್ರೆಗಳನ್ನು ದುರುಪಯೋಗ ಮಾಡುವವರಲ್ಲಿ ಅನೇಕರಿಗೆ ಅವು ಸಿಗುವುದು ಬೀದಿಯ ಮಾರಾಟಗಾರನಿಂದಲ್ಲ, ಬಂಧುಮಿತ್ರರ ಮನೆಯ ಔಷಧದ ಕಪಾಟಿನಿಂದ. ಆದುದರಿಂದ 2010ರಿಂದ ವರ್ಷಕ್ಕೆರಡು ಶನಿವಾರ, ಏಪ್ರಿಲ್ ಹಾಗೂ ಅಕ್ಟೋಬರಿನಲ್ಲಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಹೆಸರು ಕೇಳದೆ ಮರಳಿ ಪಡೆಯುವ ಏರ್ಪಾಡು ದೇಶದಾದ್ಯಂತ ಇದೆ. ಅಜ್ಜಿಯಂದಿರು ಕೈಚೀಲದಲ್ಲಿ ಹಳೆಯ ಸೀಸೆಗಳನ್ನು ತಂದು ಪೆಟ್ಟಿಗೆಗೆ ಸುರಿಯುತ್ತಾರೆ. ಪೊಲೀಸರು ಕಾವಲು ನಿಲ್ಲುತ್ತಾರೆ. ಎರಡು ಗಂಟೆಯ ಬಳಿಕ ಹಲವು ರಾಜ್ಯಗಳಲ್ಲಿ ಗಾರ್ಡ್‌ನ ಸೈನಿಕರು ಆ ಪೆಟ್ಟಿಗೆಗಳನ್ನು ಲಾರಿಗೇರಿಸಿ ಸುಡುವ ಜಾಗಕ್ಕೆ ತಲುಪಿಸಲು ನೆರವಾಗುತ್ತಾರೆ.